ಪೀಣ್ಯದ ಮೂಲೆ ಕಂಪ್ಯೂಟರ್‌ಗೊಂದು ಆ್ಯಪ್: ನಮ್ಮ ಲ್ಯಾಪ್‌ಟಾಪ್ ಸೆಟಪ್ ಎಲ್ಲಿಂದ ಶುರು ಮಾಡ್ಬೇಕು?

ಡೆಸ್ಕ್‌ಟಾಪ್ ಆ್ಯಪ್ ಮಾಡೋಕೆ ಲ್ಯಾಪ್‌ಟಾಪ್ ಸೆಟಪ್ ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಸಿಗೋ ವಿಡಿಯೋಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಇದನ್ನ ಡೌನ್‌ಲೋಡ್ ಮಾಡಿ, ನೆಕ್ಸ್ಟ್ ಒತ್ತಿ, ಇನ್ನೊಂದ್ಸಲ ನೆಕ್ಸ್ಟ್ ಒತ್ತಿ, ಫಿನಿಶ್. ಕೊನೆಗೆ ಪರದೆ ಮೇಲೆ ಹಲೋ ವರ್ಲ್ಡ್ ಬರುತ್ತೆ, ವಿಡಿಯೋ ಮುಗಿಯುತ್ತೆ. ಆ ಆ್ಯಪ್ ಕೊನೆಗೆ ಯಾರ ಕಂಪ್ಯೂಟರ್‌ನಲ್ಲಿ ಓಡಬೇಕು ಅಂತ ಮಾತ್ರ ಯಾರೂ ಕೇಳಲ್ಲ. ನಮ್ಮ ಪ್ರಕಾರ ಸೆಟಪ್ ಶುರುವಾಗಬೇಕಾದ್ದೇ ಆ ಪ್ರಶ್ನೆಯಿಂದ.

ನಮ್ಮ ಕ್ಲಬ್‌ನ ಮೂವರು ಈ ಸೆಮಿಸ್ಟರ್‌ನಲ್ಲಿ ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ಗೆ ಪ್ರೊಡಕ್ಷನ್ ಎಂಟ್ರಿ ಆ್ಯಪ್ ಮಾಡ್ತಿದ್ದೇವೆ. ಈ ಲೇಖನದ ಬಹುಪಾಲು ಅಲ್ಲಿಂದ ಬಂದಿದ್ದು.

"ಈಗ ಯಾರಪ್ಪಾ ಡೆಸ್ಕ್‌ಟಾಪ್ ಆ್ಯಪ್ ಮಾಡ್ತಾರೆ, ಎಲ್ಲಾ ವೆಬ್ ಅಲ್ವಾ?" ಅನ್ನೋರಿಗೆ ಮೊದಲು ಒಂದು ಉತ್ತರ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಇಂಟರ್ನ್‌ಶಿಪ್‌ಗೆ ಹೋದ ಸೀನಿಯರ್‌ಗಳು ಕ್ಲೌಡ್, ಕಂಟೇನರ್ ಅಂತ ಮಾತಾಡ್ತಾರೆ, ಅದು ಸರಿ. ಆದರೆ ಹಸಿರು ಮೆಟ್ರೋ ಹತ್ತಿ ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಇಳಿದು ಒಳರಸ್ತೆಗಳಲ್ಲಿ ನಡೆದರೆ ಬೇರೆಯದೇ ಲೋಕ. ಶೆಡ್‌ನಲ್ಲಿ ನಾಲ್ಕೈದು ಲೇತ್, ಒಂದೋ ಎರಡೋ ಸಿಎನ್‌ಸಿ, ಮೂಲೆಯ ಟೇಬಲ್ ಮೇಲೆ ಬಟ್ಟೆ ಮುಚ್ಚಿದ ಒಂದು ಕಂಪ್ಯೂಟರ್. ಆ ಕಂಪ್ಯೂಟರ್‌ಗೆ ತೂಕದ ಮೆಷಿನ್, ಲೇಬಲ್ ಪ್ರಿಂಟರ್, ಕೆಲವು ಕಡೆ ಹಳೇ ಸಿಎನ್‌ಸಿಗೆ ಪ್ರೋಗ್ರಾಂ ಕಳಿಸೋ ಸೀರಿಯಲ್ ಕೇಬಲ್ ಜೋಡಿಸಿರುತ್ತೆ. ನೆಟ್ ಇದ್ದರೆ ಇತ್ತು, ಇಲ್ಲದಿದ್ರೆ ಇಲ್ಲ. ಕರೆಂಟೂ ಅಷ್ಟೇ. ಬ್ರೌಸರ್ ಟ್ಯಾಬ್ ನಂಬ್ಕೊಂಡು ಅಲ್ಲಿ ಕೆಲಸ ನಡೆಯಲ್ಲ.

ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನ ದೊಡ್ಡ ಹೆಸರುಗಳಲ್ಲಿ ಒಂದು ಹುಟ್ಟಿದ್ದೂ ಇಂಥದ್ದೇ ಅಗತ್ಯದಿಂದ, ಅದೂ ನಮ್ಮ ಬೆಂಗಳೂರಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೆ ಕಚ್ಚಾಮಾಲು, ಮೆಷಿನ್ ಬಿಡಿಭಾಗ ಪೂರೈಸೋ ವ್ಯಾಪಾರದಲ್ಲಿದ್ದರು. ತಮ್ಮ ಲೆಕ್ಕಪತ್ರಕ್ಕೆ ಹೊಂದೋ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ ನೀನೇ ಬರಿ ಅಂದರು. 1986ರಲ್ಲಿ ಶುರುವಾದ ಆ ಕಂಪನಿಯ ಆಗಿನ ಹೆಸರು ಪ್ಯೂಟ್ರಾನಿಕ್ಸ್. ಈಗ ನಾವೆಲ್ಲ ಟ್ಯಾಲಿ ಅಂತ ಕರೆಯೋದು ಅದನ್ನೇ. ಅಪ್ಪನ ಅಂಗಡಿಯ ಸಮಸ್ಯೆ ನೋಡಿ ಬರೆದದ್ದು ಊರೂರಿನ ಅಂಗಡಿಗೂ ಹೊಂದಿಕೊಂಡಿತು. ಮೊದಲು ಬಳಸೋರು, ಆಮೇಲೆ ಕೋಡು.

ಹಾಗಾಗಿ ಏನನ್ನೂ ಡೌನ್‌ಲೋಡ್ ಮಾಡೋ ಮುಂಚೆ ಆ ಮೂಲೆ ಕಂಪ್ಯೂಟರ್ ಮುಂದೆ ಹತ್ತು ನಿಮಿಷ ಕೂತ್ಕೊಳ್ಳಿ. ಸ್ಟಾರ್ಟ್ ಮೆನುವಲ್ಲಿ ಸಿಸ್ಟಂ ಇನ್ಫರ್ಮೇಶನ್ ಅಂತ ಹುಡುಕಿದ್ರೆ ವಿಂಡೋಸ್ ಯಾವ ವರ್ಷನ್, 32 ಬಿಟ್ಟೋ 64 ಬಿಟ್ಟೋ, ರ‍್ಯಾಮ್ ಎಷ್ಟು ಅಂತ ಎಲ್ಲಾ ಒಂದೇ ಕಡೆ ಸಿಗುತ್ತೆ. ಸ್ಕ್ರೀನ್ ರೆಸಲ್ಯೂಶನ್ ಬರೆದುಕೊಳ್ಳಿ. ಸಿಪಿಯು ಹಿಂದೆ ಬಗ್ಗಿ ಯಾವ ಯಾವ ಪೋರ್ಟ್ ಇದೆ ನೋಡಿ, ಫೋಟೋ ತೆಗೀರಿ. ನಮಗೆ ಸಿಕ್ಕ ಉತ್ತರ ಹೀಗಿತ್ತು: ವಿಂಡೋಸ್ 7, 32 ಬಿಟ್, 2 ಜಿಬಿ ರ‍್ಯಾಮ್, 1366×768 ಮಾನಿಟರ್, ನೆಟ್ ಇಲ್ಲ, ಹಿಂದುಗಡೆ ಒಂಬತ್ತು ಪಿನ್‌ನ ಸೀರಿಯಲ್ ಪೋರ್ಟ್ ಒಂದು.

ಈ ಒಂದು ಸಾಲು ಅರ್ಧ ಟೂಲ್‌ಗಳನ್ನ ಅಲ್ಲೇ ಹೊಡೆದುಹಾಕುತ್ತೆ. ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದ್ದು 2020ರ ಜನವರಿ 14ಕ್ಕೆ. ಆಮೇಲೆ ಒಬ್ಬೊಬ್ಬರಾಗಿ ಕೈಬಿಟ್ಟರು. ಪೈಥಾನ್ 3.9ರಿಂದ ಮುಂದಿನದ್ದು ವಿಂಡೋಸ್ 7ನಲ್ಲಿ ಓಡಲ್ಲ, 3.8ಕ್ಕೇ ನಿಲ್ಲಬೇಕು. ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು. ಎಲೆಕ್ಟ್ರಾನ್ 23ನೇ ವರ್ಷನ್‌ನಿಂದ ವಿಂಡೋಸ್ 7 ಬಿಟ್ಟಿದೆ. ಬಿಡದೇ ಇದ್ದಿದ್ದರೂ, ಪ್ರತಿ ಆ್ಯಪ್ ಜೊತೆ ಒಂದು ಪೂರ್ತಿ ಬ್ರೌಸರನ್ನೇ ಹೊತ್ತು ತರೋ ಎಲೆಕ್ಟ್ರಾನ್‌ನ 2 ಜಿಬಿ ಮೆಷಿನ್ ಮೇಲೆ ಹೇರೋದು ನಮಗೆ ಸರಿ ಅನ್ನಿಸಲಿಲ್ಲ. ಹೊಸ ಡಾಟ್‌ನೆಟ್‌ನಲ್ಲೂ 6ನೇ ವರ್ಷನ್ನೇ ಕೊನೆ. ಉಳಿದಿದ್ದು ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ಅದು ಸರ್ವಿಸ್ ಪ್ಯಾಕ್ 1 ಇರೋ ವಿಂಡೋಸ್ 7ನಲ್ಲೂ ಓಡುತ್ತೆ, ವಿಂಡೋಸ್ 11ನಲ್ಲೂ ಓಡುತ್ತೆ. ನಾಳೆ ಅವರು ಕಂಪ್ಯೂಟರ್ ಬದಲಾಯಿಸಿದ್ರೂ ಆ್ಯಪ್ ಕೆಡಲ್ಲ. ಹೊಸ ಪಿಸಿ ತಗೊಳ್ಳಿ ಅನ್ನೋದು ನಮಗೆ ಸುಲಭ. ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ್ರೂ ದುಡ್ಡು ಅವರದು.

ಈಗ ಲ್ಯಾಪ್‌ಟಾಪ್‌ಗೆ ಬರೋಣ. ಬೇಕಾಗಿರೋದು ವಿಶುವಲ್ ಸ್ಟುಡಿಯೋ ಕಮ್ಯುನಿಟಿ. ವಿದ್ಯಾರ್ಥಿಗಳಿಗೆ ಉಚಿತ. ವಿಶುವಲ್ ಸ್ಟುಡಿಯೋ ಕೋಡ್ ಬೇರೆ, ಇದು ಬೇರೆ. ಕೋಡ್ ಅನ್ನೋದು ಎಡಿಟರ್. ಬಟನ್ ಎಳೆದು ಫಾರ್ಮ್ ಮೇಲಿಡೋ ಡಿಸೈನರ್ ಇರೋದು ದೊಡ್ಡಣ್ಣನಲ್ಲಿ. ಇನ್‌ಸ್ಟಾಲರ್ ತೆರೆದಾಗ ಹತ್ತಾರು ವರ್ಕ್‌ಲೋಡ್ ಕಾಣುತ್ತೆ, ಎಲ್ಲಾ ಟಿಕ್ ಮಾಡ್ಬೇಡಿ. ಡಾಟ್‌ನೆಟ್ ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ಅನ್ನೋದೊಂದು ಸಾಕು, ಅದರ ಬಲಗಡೆ ಪಟ್ಟಿಯಲ್ಲಿ ಫ್ರೇಮ್‌ವರ್ಕ್ 4.8ರ ಟೂಲ್ಸ್ ಟಿಕ್ ಆಗಿದೆಯಾ ನೋಡ್ಕೊಳ್ಳಿ. ಸಾಮಾನ್ಯ ಇನ್‌ಸ್ಟಾಲ್‌ಗೆ 20ರಿಂದ 50 ಜಿಬಿ ಜಾಗ ಬೇಕು ಅಂತ ಮೈಕ್ರೋಸಾಫ್ಟೇ ಹೇಳುತ್ತೆ. 256 ಜಿಬಿ ಡಿಸ್ಕ್‌ನಲ್ಲಿ ಗೇಮ್ಸ್ ಇಟ್ಕೊಂಡಿರೋರು ಮೊದಲು ಮನೆ ಗುಡಿಸಿ. ಹಾಸ್ಟೆಲ್ ವೈಫೈಯಲ್ಲಿ ಮಾಡೋರಿಗೆ ಒಂದು ಕಿವಿಮಾತು: ಇನ್‌ಸ್ಟಾಲರ್‌ನ ಕೆಳಗಡೆ, ಮೊದಲು ಪೂರ್ತಿ ಡೌನ್‌ಲೋಡ್ ಆಮೇಲೆ ಇನ್‌ಸ್ಟಾಲ್ ಅನ್ನೋ ಆಯ್ಕೆ ಇದೆ. ಅದನ್ನ ತಗೊಳ್ಳಿ, ಮಧ್ಯದಲ್ಲಿ ನೆಟ್ ಹೋದ್ರೆ ಅರ್ಧಂಬರ್ಧ ಆಗಲ್ಲ.

ಹೊಸ ಪ್ರಾಜೆಕ್ಟ್ ತೆರೆಯುವಾಗ ಒಂದು ಬಲೆ ಇದೆ. ವಿಂಡೋಸ್ ಫಾರ್ಮ್ಸ್ ಆ್ಯಪ್ ಅನ್ನೋ ಹೆಸರಲ್ಲಿ ಎರಡು ಟೆಂಪ್ಲೇಟ್ ಕಾಣಿಸುತ್ತೆ. ಒಂದರ ಪಕ್ಕ ಡಾಟ್‌ನೆಟ್ ಫ್ರೇಮ್‌ವರ್ಕ್ ಅಂತ ಇದೆ, ಇನ್ನೊಂದರ ಪಕ್ಕ ಏನೂ ಇಲ್ಲ. ಏನೂ ಇಲ್ಲದ್ದು ಹೊಸ ಡಾಟ್‌ನೆಟ್‌ಗೆ, ಪೀಣ್ಯದಲ್ಲಿ ಅದು ತೆರೆದುಕೊಳ್ಳೋದೇ ಇಲ್ಲ. ಫ್ರೇಮ್‌ವರ್ಕ್ ಅಂತ ಬರೆದಿರೋದನ್ನ, ಸಿ-ಶಾರ್ಪ್ ಭಾಷೆಯದ್ದನ್ನ ಆರಿಸಿ. ಆಮೇಲೆ ಬಿಲ್ಡ್ ಪ್ರಾಪರ್ಟೀಸ್‌ನಲ್ಲಿ ಪ್ಲಾಟ್‌ಫಾರ್ಮ್ ಎಕ್ಸ್86 ಅಂತ ಮಾಡಿ. 32 ಬಿಟ್ ಬಿಲ್ಡ್ 64 ಬಿಟ್ ವಿಂಡೋಸ್‌ನಲ್ಲೂ ಓಡುತ್ತೆ, ತಿರುಗಾ ಮುರುಗಾ ಆದ್ರೆ ಓಡಲ್ಲ.

ಮ್ಯಾಕ್ ಇರೋರಿಗೆ ಕೆಟ್ಟ ಸುದ್ದಿ. ಮ್ಯಾಕ್‌ಗಿದ್ದ ವಿಶುವಲ್ ಸ್ಟುಡಿಯೋವನ್ನ 2024ರ ಆಗಸ್ಟ್ 31ಕ್ಕೆ ನಿಲ್ಲಿಸಿಬಿಟ್ಟರು, ವಿಂಡೋಸ್ ಫಾರ್ಮ್ಸ್ ಹೇಗೂ ವಿಂಡೋಸ್ ಬಿಟ್ಟು ಓಡಲ್ಲ. ಲ್ಯಾಬ್ ಮೆಷಿನ್ನೇ ಗತಿ.

ಡೇಟಾ ಇಡೋಕೆ ಎಸ್‌ಕ್ಯೂಲೈಟ್ ಹಾಕ್ಕೊಳ್ಳಿ. ಸರ್ವರ್ ಬೇಡ, ಪಾಸ್‌ವರ್ಡ್ ತಲೆನೋವಿಲ್ಲ, ಇಡೀ ಡೇಟಾಬೇಸ್ ಒಂದೇ ಫೈಲು. ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ರೆ ಬ್ಯಾಕಪ್ ಆಯ್ತು, ಆ್ಯಪ್ ಮುಚ್ಚಿದ ಮೇಲೆ ಕಾಪಿ ಮಾಡಿ ಅಷ್ಟೇ. ಇದರ ಜೊತೆ ಬರೋ ನೇಟಿವ್ ಡಿಎಲ್‌ಎಲ್ ಎಕ್ಸ್86, ಎಕ್ಸ್64 ಅಂತ ಎರಡು ಫೋಲ್ಡರ್‌ನಲ್ಲಿರುತ್ತೆ. ಇಎಕ್ಸ್‌ಇ ಒಂದನ್ನೇ ಕಾಪಿ ಮಾಡ್ಕೊಂಡು ಹೋದ್ರೆ ಅಲ್ಲಿ ಡಿಎಲ್‌ಎಲ್ ಸಿಕ್ಕಿಲ್ಲ ಅನ್ನೋ ಎರರ್ ಗ್ಯಾರಂಟಿ.

ಕರೆಂಟ್ ವಿಷಯ ಇಲ್ಲಿ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ದುಡ್ಡಿನ ಪ್ರಶ್ನೆ ಇರೋದು ಇಲ್ಲೇ. ಆ ಶಾಪ್‌ನಲ್ಲಿ ಶಿಫ್ಟ್ ಮುಗಿದಾಗ ಎಷ್ಟು ಪೀಸ್ ಆಯ್ತು ಅನ್ನೋದರ ಮೇಲೆ ಆಪರೇಟರ್‌ಗೆ ಇನ್ಸೆಂಟಿವ್ ಲೆಕ್ಕ. ಎಂಟ್ರಿ ಹಾಕಿದ ಕ್ಷಣದಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಸತ್ತಿದ್ದು, ಎಂಟ್ರಿ ಮಾಯವಾದ್ರೆ ಅದು ನಮಗೆ ಬಗ್, ಅವರಿಗೆ ಸಂಬಳ. ಎಸ್‌ಕ್ಯೂಲೈಟ್ ತನ್ನ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಇದಕ್ಕೆ ತಯಾರಾಗೇ ಇದೆ. ಪ್ರತಿ ಟ್ರಾನ್ಸಾಕ್ಷನ್ ಡಿಸ್ಕ್‌ಗೆ ಇಳಿಯೋತನಕ ಕಾಯುತ್ತೆ. ಇಂಟರ್ನೆಟ್‌ನಲ್ಲಿ ಸ್ಪೀಡ್ ಜಾಸ್ತಿ ಮಾಡೋಕೆ ಅಂತ ಸಿಂಕ್ರೋನಸ್ ಆಫ್ ಮಾಡಿ ಅನ್ನೋ ಸಲಹೆ ತುಂಬಾ ಸಿಗುತ್ತೆ. ಶಿಫ್ಟ್‌ಗೆ ಐವತ್ತು ಎಂಟ್ರಿ ಬರೋ ಜಾಗದಲ್ಲಿ ಯಾವ ಸ್ಪೀಡು? ಆ ಸಾಲನ್ನ ಮುಟ್ಟಬೇಡಿ.

ಇನ್ನು ಕನ್ನಡ. ಕನ್ನಡ ಕ್ಲಬ್ ಪತ್ರಿಕೆ ಅಂತ ಶಾಸ್ತ್ರಕ್ಕೆ ಬರೀತಿಲ್ಲ. ಎಂಟ್ರಿ ಹಾಕೋ ಆಪರೇಟರ್‌ಗಳು ತುಮಕೂರು, ಹಾಸನ, ರಾಯಚೂರು ಕಡೆಯವರು, ಕನ್ನಡ ಸಲೀಸಾಗಿ ಓದುತ್ತಾರೆ. ಇಂಗ್ಲಿಷ್ ಸ್ಕ್ರೀನ್ ಇಟ್ಟರೆ ಸೂಪರ್‌ವೈಸರ್‌ನ ಕರೀಬೇಕು. ತಮ್ಮ ಪೀಸ್ ಲೆಕ್ಕವನ್ನ ತಾವೇ ಓದಿ ನೋಡೋಕಾಗಬೇಕು ಅನ್ನೋದು ಅವರು ನಮಗೆ ಹೇಳಿದ ಮೊದಲ ಮಾತು.

ಮೊದಲು ಒಂದು ತಾಂತ್ರಿಕ ಎಚ್ಚರ: ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ಕನ್ನಡ ಪ್ರಿಂಟ್ ಮಾಡಿ, ಚೌಕ ಚೌಕ ಬಂತು ಅಂತ ಗಾಬರಿ ಆಗ್ಬೇಡಿ. ಅದು ಆ ಕಿಟಕಿಯ ಮಿತಿ, ನಿಮ್ಮ ಡೇಟಾ ಸರಿ ಇರಬಹುದು. ಫಾರ್ಮ್ ಮೇಲೆ ಲೇಬಲ್‌ನಲ್ಲಿ ಹಾಕಿ ನೋಡಿ. ಫಾಂಟ್ ವಿಷಯದಲ್ಲಿ, ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಕನ್ನಡ ತೋರಿಸೋ ನಿರ್ಮಲಾ ಯುಐ ಬಂದಿದ್ದು ವಿಂಡೋಸ್ 8ರಿಂದ. ವಿಂಡೋಸ್ 7ನಲ್ಲಿ ಇರೋದು ತುಂಗಾ. ಎರಡರಲ್ಲೂ ಅಕ್ಷರದ ಎತ್ತರ, ಅಗಲ ಬೇರೆ. ಇಲ್ಲಿ ಚಂದ ಕಂಡ ಬಟನ್ ಅಲ್ಲಿ ಒತ್ತಕ್ಷರದ ಬಾಲ ಕತ್ತರಿಸಿಕೊಂಡು ನಿಲ್ಲಬಹುದು. ಇಂಗ್ಲಿಷ್‌ನವರು ಲೆಕ್ಕ ಹಾಕಿದ ಬಟನ್ ಎತ್ತರ ನಮಗೆ ಸಾಲಲ್ಲ, ನಮ್ಮ ಲಿಪಿಗೆ ಕೆಳಗೂ ಒಂದು ಮಹಡಿ ಇದೆ. ಆಟೋಸೈಜ್ ಆನ್ ಮಾಡಿ, ಕೆಳಗೆ ಜಾಗ ಬಿಡಿ.

ಹೆಸರುಗಳ ಪಟ್ಟಿ ಆಫೀಸ್‌ನಲ್ಲಿ ಮೊದಲೇ ಟೈಪ್ ಮಾಡಿಟ್ಟಿದ್ದಾರೆ ಅಂದ್ರೆ ಹಿಗ್ಗಬೇಡಿ, ಅದು ಹಳೇ ನುಡಿ ಅಥವಾ ಬರಹ ಫಾಂಟ್‌ನದ್ದಾ ಕೇಳಿ. ಆ ಫಾಂಟ್‌ಗಳ ಫೈಲ್‌ನಲ್ಲಿ ನಿಜಕ್ಕೂ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕುತ್ತೆ. ಫಾಂಟ್ ತೆಗೆದ್ರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರ ಉಳಿಯುತ್ತೆ. ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳಿವೆ, ಆದರೆ ಬದಲಾಯಿಸಿದ ಮೇಲೆ ಪ್ರತಿ ಹೆಸರನ್ನೂ ಕಣ್ಣಲ್ಲಿ ಓದಿ. ನಮ್ಮ ಶಾಪ್‌ನಲ್ಲಿ ಇದ್ದಿದ್ದು ಮೂವತ್ತು ಚಿಲ್ಲರೆ ಹೆಸರು, ಅರ್ಧ ಗಂಟೆ ಕೆಲಸ.

ಯೂನಿಕೋಡ್‌ಗೆ ಬಂದ್ಮೇಲೂ ಒಂದೆರಡು ವಿಚಿತ್ರ ಇದೆ. ಪೀಣ್ಯ ಅನ್ನೋ ಪದ ನಮ್ಮ ಕಣ್ಣಿಗೆ ಎರಡು ಅಕ್ಷರ. ಸಿ-ಶಾರ್ಪ್‌ಗೆ ಅದರ ಉದ್ದ 5: ಪ, ದೀರ್ಘದ ಚಿಹ್ನೆ, ಣ, ವಿರಾಮ, ಯ. ಯುಟಿಎಫ್-8ನಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಅಂದ್ರೆ ಡಿಸ್ಕ್ ಮೇಲೆ 15 ಬೈಟ್. ಹೆಸರನ್ನ ಹತ್ತು ಅಕ್ಷರಕ್ಕೆ ಕತ್ತರಿಸು ಅಂತ ಕೋಡ್ ಬರೆದ್ರೆ ಅದು ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಹಾಕುತ್ತೆ. ಇನ್ನೊಂದು, ರಾಜ್‌ಕುಮಾರ್ ಅಂತ ಬರೆಯುವಾಗ ಜಕಾರದ ಪಕ್ಕ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತೆ, ಅದಿಲ್ಲದಿದ್ರೆ ರಾಜ್ಕುಮಾರ್ ಅಂತ ಒತ್ತು ಬಂದುಬಿಡುತ್ತೆ. ಒಬ್ಬರು ಆ ಗುರುತು ಹಾಕಿ ಟೈಪ್ ಮಾಡಿ, ಇನ್ನೊಬ್ಬರು ಹಾಕದೆ ಹುಡುಕಿದ್ರೆ ಮನುಷ್ಯ ಎದುರಿಗೇ ನಿಂತಿದ್ರೂ ಆ್ಯಪ್‌ಗೆ ಸಿಗಲ್ಲ. ಹೋಲಿಸೋ ಮುಂಚೆ ಆ ಗುರುತನ್ನ ತೆಗೆದು ಹೋಲಿಸಿ. ರಿಪೋರ್ಟನ್ನ ಸಿಎಸ್‌ವಿ ಮಾಡಿ ಎಕ್ಸೆಲ್‌ಗೆ ಕೊಡೋದಿದ್ರೆ ಫೈಲ್ ಶುರುವಿನಲ್ಲಿ ಬಾಮ್ ಅನ್ನೋ ಮೂರು ಬೈಟ್ ಗುರುತು ಬೇಕು, ಇಲ್ಲದಿದ್ರೆ ಎಕ್ಸೆಲ್ ಕನ್ನಡವನ್ನ ಕಲಸುಮೇಲೋಗರ ಮಾಡಿ ತೋರಿಸುತ್ತೆ.

ಲೇಬಲ್‌ಗಳನ್ನ ಕೋಡ್ ಮಧ್ಯೆ ಬರೀಬೇಡಿ, ರಿಸೋರ್ಸ್ ಫೈಲ್‌ನಲ್ಲಿಡಿ. ನಾಳೆ ಹಿಂದಿ, ಒಡಿಯಾ ಓದೋ ಹುಡುಗ ಕೆಲಸಕ್ಕೆ ಸೇರಿದ್ರೆ ಇನ್ನೊಂದು ಫೈಲ್ ಸೇರಿಸಿದ್ರಾಯ್ತು. ಇನ್ನೊಂದು ಕಾರಣ, ಯಾವ ಪದ ಹಾಕ್ಬೇಕು ಅನ್ನೋದು ಹತ್ತು ಸಲ ಬದಲಾಗುತ್ತೆ. ಸೇವ್‌ಗೆ ಉಳಿಸು, ಡಿಲೀಟ್‌ಗೆ ಅಳಿಸು ಅಂತ ಎಲ್ಲಾ ಅನುವಾದಗಳಲ್ಲೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಎಣ್ಣೆ ಕೈಯಲ್ಲಿ, ಶಿಫ್ಟ್ ಮುಗಿಯೋ ಹೊತ್ತಲ್ಲಿ, ಎರಡಡಿ ದೂರದಿಂದ ಓದಿ ನೋಡಿ. ಉಳಿಸು, ಅಳಿಸು. ವ್ಯತ್ಯಾಸ ಒಂದೇ ಅಕ್ಷರ, ಪರಿಣಾಮ ಪೂರ್ತಿ ಉಲ್ಟಾ! ನಾವು 'ಸೇವ್ ಮಾಡಿ' ಅಂತಲೇ ಇಟ್ಟಿದ್ದೇವೆ, 'ಎಂಟ್ರಿ ತೆಗೀರಿ' ಅನ್ನೋ ಬಟನ್‌ನ ಪರದೆಯ ಆ ತುದಿಗೆ ಸರಿಸಿದ್ದೇವೆ. ಉತ್ಪಾದನೆ, ತಿರಸ್ಕೃತ, ಪಾಳಿ ಇವೆಲ್ಲ ಒಳ್ಳೇ ಪದಗಳೇ. ಆದರೆ ಶಾಪ್‌ನಲ್ಲಿ ಅವರು ಪ್ರೊಡಕ್ಷನ್, ರಿಜೆಕ್ಷನ್, ಶಿಫ್ಟ್ ಅಂತಾರೆ. ಕನ್ನಡ ಲಿಪಿಯಲ್ಲಿ ಆ ಪದವನ್ನೇ ಬರೆದ್ರೆ ಓದಿದ ಕೂಡಲೇ ಹೊಳೆಯುತ್ತೆ. ಕ್ಲಬ್‌ನಲ್ಲಿ ಇದಕ್ಕೆ ವಿರೋಧ ಇದೆ ಅಂತ ಗೊತ್ತು, ವಾದ ಮುಂದುವರಿಯಲಿ.

ಅದಕ್ಕಿಂತ ಮಜಾ ಅಂದ್ರೆ ಅವರ ಮಾತಲ್ಲಿ ಬೇರೆಯೇ ಅರ್ಥ ಇರೋ ಪದಗಳು. ಸೆಟ್ಟಿಂಗ್ ಅಂದ್ರೆ ನಮಗೆ ಗೇರ್ ಚಿತ್ರದ ಮೆನು, ಅವರಿಗೆ ಹೊಸ ಜಾಬ್‌ಗೆ ಮೆಷಿನ್ ಅಣಿ ಮಾಡೋ ಕೆಲಸ, ಅದಕ್ಕೆ ಟೈಮ್ ಲೆಕ್ಕ ಬೇರೆ ಇದೆ. ಪ್ರೋಗ್ರಾಂ ಕ್ಲೋಸ್ ಮಾಡಿ ಅಂದ್ರೆ ಸಿಎನ್‌ಸಿ ಕಡೆ ತಿರುಗಿ ನೋಡ್ತಾರೆ.

ತೂಕದ ಮೆಷಿನ್‌ಗೆ ಬರೋಣ. ಸಣ್ಣ ಬುಶ್, ನಟ್ ಥರದ ಪೀಸ್‌ಗಳನ್ನ ಒಂದೊಂದಾಗಿ ಎಣಿಸಲ್ಲ. ಸ್ಯಾಂಪಲ್ ತೂಗಿ ಒಂದು ಪೀಸ್‌ನ ತೂಕ ಹಿಡಿದು, ಒಟ್ಟು ತೂಕವನ್ನ ಅದರಿಂದ ಭಾಗಿಸ್ತಾರೆ. ಮೆಷಿನ್ ಆರ್‌ಎಸ್-232 ಕೇಬಲ್ ಮೂಲಕ ತೂಕವನ್ನ ಅಕ್ಷರಗಳ ಸಾಲಾಗಿ ಕಳಿಸ್ತಾ ಇರುತ್ತೆ. ನಮ್ಮ ಯಾವ ಲ್ಯಾಪ್‌ಟಾಪ್‌ನಲ್ಲೂ ಆ ಪೋರ್ಟ್ ಇಲ್ಲ, ಹಾಗಾಗಿ ಯುಎಸ್‌ಬಿ ಕನ್ವರ್ಟರ್ ಬೇಕು. ಕಡಿಮೆ ಬೆಲೆಯ ಕೆಲವು ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಹಳೇ ಚಿಪ್ ಇರುತ್ತೆ. ಕಂಪನಿಯ ಹೊಸ ಡ್ರೈವರ್ ಆ ಚಿಪ್‌ನ 2012ಕ್ಕೇ ನಿಲ್ಲಿಸಿದ್ದೇವೆ ಅಂತ ಡಿವೈಸ್ ಮ್ಯಾನೇಜರ್‌ನಲ್ಲೇ ಬರೆದು ಕೈಕಟ್ಟಿ ಕೂರುತ್ತೆ. ಕೋಡ್‌ನಲ್ಲಿ ತಪ್ಪು ಹುಡುಕ್ತಾ ರಾತ್ರಿ ಕಳೆಯೋ ಮುಂಚೆ ಅಲ್ಲಿ ಒಂದ್ಸಲ ನೋಡಿ. ಎಫ್‌ಟಿಡಿಐ ಚಿಪ್‌ನ ಕೇಬಲ್ ಸ್ವಲ್ಪ ದುಬಾರಿ, ಕಿರಿಕಿರಿ ಕಡಿಮೆ.

ಮೆಷಿನ್ ಶಾಪ್‌ನಲ್ಲಿದೆ, ನಾವು ಹಾಸ್ಟೆಲ್‌ನಲ್ಲಿದ್ದೇವೆ, ಟೆಸ್ಟ್ ಹೇಗೆ? ಕಾಮ್ ಝೀರೋ ಕಾಮ್ ಅನ್ನೋ ಉಚಿತ ಟೂಲ್ ಎರಡು ಸುಳ್ಳು ಪೋರ್ಟ್ ಹುಟ್ಟಿಸಿ ಒಂದಕ್ಕೊಂದು ಜೋಡಿಸುತ್ತೆ. ಒಂದರಲ್ಲಿ ನಮ್ಮ ಪುಟ್ಟ ಸ್ಕ್ರಿಪ್ಟ್ ತೂಕದ ಮೆಷಿನ್ ಥರ ಮಾತಾಡುತ್ತೆ, ಇನ್ನೊಂದರಲ್ಲಿ ಆ್ಯಪ್ ಕೇಳಿಸಿಕೊಳ್ಳುತ್ತೆ. ಸ್ಕ್ರಿಪ್ಟ್ ಬೇಕೂಂತಲೇ ಸಾಲನ್ನ ತುಂಡು ಮಾಡಿ ಕಳಿಸಲಿ. ನಿಜವಾದ ಪೋರ್ಟ್‌ನಲ್ಲೂ 12.345 ಅನ್ನೋದು ಒಂದೇ ಏಟಿಗೆ ಬರಬೇಕೂಂತಿಲ್ಲ, ಮೊದಲು 12. ಬಂದು ಆಮೇಲೆ 345 ಬರಬಹುದು. ಸಾಲಿನ ಕೊನೆಯ ಗುರುತು ಬರೋತನಕ ಕೂಡಿಟ್ಟುಕೊಳ್ಳದೆ ಓದಿದ್ರೆ ಪರದೆಯಲ್ಲಿ ಹನ್ನೆರಡು ಕಿಲೋ ನಿಂತುಬಿಡುತ್ತೆ, ಉಳಿದ ಮುನ್ನೂರ ನಲವತ್ತೈದು ಗ್ರಾಂನ ಪೀಸ್‌ಗಳು ಯಾರ ಲೆಕ್ಕಕ್ಕೂ ಸೇರಲ್ಲ.

ಕೊನೆಯ ತಯಾರಿ, ಮೂಲೆ ಕಂಪ್ಯೂಟರ್‌ನ ನಕಲೊಂದನ್ನ ನಮ್ಮ ಹತ್ತಿರವೇ ಇಟ್ಟುಕೊಳ್ಳೋದು. ಕಾಲೇಜಲ್ಲಿ ಮೂಲೆಗೆ ಬಿದ್ದಿರೋ, ಲೈಸೆನ್ಸ್ ಇರೋ ಹಳೇ ವಿಂಡೋಸ್ 7 ಪಿಸಿ ಸಿಕ್ಕರೆ ಅದೇ ಬೆಸ್ಟ್, ಲ್ಯಾಬ್ ಅಸಿಸ್ಟೆಂಟ್ ಸರ್‌ನ ಕೇಳಿ. ಇಲ್ಲದಿದ್ರೆ ವರ್ಚುಯಲ್‌ಬಾಕ್ಸ್. ಬಯೋಸ್‌ನಲ್ಲಿ ವರ್ಚುಯಲೈಸೇಶನ್ ಆನ್ ಮಾಡಿ, ಲೈಸೆನ್ಸ್ ಇರೋ ಪ್ರತಿಯನ್ನೇ ಹಾಕಿ, 2 ಜಿಬಿ ರ‍್ಯಾಮ್, ಒಂದೇ ಕೋರ್ ಕೊಡಿ, ನೆಟ್‌ವರ್ಕ್ ಕಿತ್ತುಹಾಕಿ. ಏನೂ ಇನ್‌ಸ್ಟಾಲ್ ಮಾಡದ ಸ್ಥಿತಿಯಲ್ಲಿ ಒಂದು ಸ್ನ್ಯಾಪ್‌ಶಾಟ್ ತಗೊಂಡ್ರೆ, ಪ್ರತಿ ಸಲ ಹೊಚ್ಚ ಹೊಸ ಮೆಷಿನ್‌ಗೆ ವಾಪಸ್ ಹೋಗಬಹುದು. ನೆಟ್ ಕಿತ್ತಾಗಲೇ ಗೊತ್ತಾಗೋ ಸಂಗತಿಗಳಿವೆ. ಉದಾಹರಣೆಗೆ ಫ್ರೇಮ್‌ವರ್ಕ್ 4.8ರ ಆಫ್‌ಲೈನ್ ಇನ್‌ಸ್ಟಾಲರ್, ನೆಟ್ಟೇ ಕಾಣದ ವಿಂಡೋಸ್ 7ನಲ್ಲಿ ಸರ್ಟಿಫಿಕೇಟ್ ಚೈನ್ ಸಿಗಲಿಲ್ಲ ಅಂತ ತಕರಾರು ತೆಗೆದು ನಿಂತುಬಿಡಬಹುದು. ಮೈಕ್ರೋಸಾಫ್ಟ್‌ನ 2011ರ ರೂಟ್ ಸರ್ಟಿಫಿಕೇಟನ್ನ ಮೊದಲು ಹಾಕಿದ್ರೆ ಮುಂದಕ್ಕೆ ಹೋಗುತ್ತೆ. ಶಾಪ್ ಓನರ್ ಪಕ್ಕದಲ್ಲಿ ನಿಂತಿರುವಾಗ ಇದನ್ನ ಕಂಡುಹಿಡಿಯೋದಕ್ಕಿಂತ ಹಾಸ್ಟೆಲ್ ರೂಮಲ್ಲಿ ಕಂಡುಹಿಡಿಯೋದು ವಾಸಿ. ಎಂಟ್ರಿ ಹಾಕ್ತಾ ಹಾಕ್ತಾ ವರ್ಚುಯಲ್ ಮೆಷಿನ್‌ನ ಧಡ್ ಅಂತ ಪವರ್ ಆಫ್ ಮಾಡಿ, ಮತ್ತೆ ಆನ್ ಮಾಡಿ ಲೆಕ್ಕ ನೋಡಿ. ವಿಂಡೋಸ್‌ನ ದಿನಾಂಕದ ಕ್ರಮವನ್ನ ಅಮೆರಿಕದ್ದಕ್ಕೆ ಬದಲಾಯಿಸಿ ನೋಡಿ. ಏಪ್ರಿಲ್ 3ರ ಎಂಟ್ರಿ ಮಾರ್ಚ್ 4ಕ್ಕೆ ಹಾರಿದ್ರೆ, ಡೇಟಾಬೇಸ್‌ನಲ್ಲಿ ವರ್ಷ, ತಿಂಗಳು, ದಿನ ಅನ್ನೋ ಕ್ರಮದಲ್ಲಿ ಬರೆಯೋ ಹಾಗೆ ತಿದ್ದಿ.

ಇಷ್ಟಾದ ಮೇಲೆ ಪೆನ್‌ಡ್ರೈವ್ ತುಂಬೋದು. ನಮ್ಮದರಲ್ಲಿ ಸದ್ಯ ಇರೋದು ಆ್ಯಪ್ ಫೋಲ್ಡರ್ ಎಕ್ಸ್86 ಸಮೇತ, 4.8ರ ಆಫ್‌ಲೈನ್ ಇನ್‌ಸ್ಟಾಲರ್, ಆ ಸರ್ಟಿಫಿಕೇಟ್, ವಿಂಡೋಸ್ 7ಗೆ ಹೊಂದೋ ಕೇಬಲ್ ಡ್ರೈವರ್, ಮತ್ತೆ ಖಾಲಿ ಡೇಟಾಬೇಸ್ ಒಂದು. ಲೇಬಲ್‌ಗಳ ಪದಪಟ್ಟಿಯನ್ನ ಕ್ಲಬ್ ರೂಮಿನ ಬೋರ್ಡ್ ಮೇಲೆ ಅಂಟಿಸಿದ್ದೇವೆ. ಗೇರ್ ಚಿತ್ರದ ಮೆನುಗೆ ಇನ್ನೂ ಹೆಸರು ಸಿಕ್ಕಿಲ್ಲ. ಸೆಟ್ಟಿಂಗ್ ಅನ್ನೋ ಹಾಗಿಲ್ಲ, ಬೇರೆ ಹೊಳೆದ್ರೆ ಅಲ್ಲೇ ಬರೆದು ಹೋಗಿ.